ಬಿಳಿಕೆರೆಯಿಂದ ಲಂಡನ್ನಿಗೆ ಎಷ್ಟು ದೂರ

ಬೆಂಗಳೂರಿನಿಂದ ಲಂಡನ್ನಿಗೆ ಸುಮಾರು ಎಂಟು ಸಾವಿರ ಕಿಲೋಮೀಟರ್, ವಿಮಾನದಲ್ಲಿ ಹತ್ತೂವರೆ ಗಂಟೆ ಎಂದು ನನ್ನ ಫೋನು ಹೇಳುತ್ತದೆ. ಪಾಪ, ಅದಕ್ಕೆ ನಮ್ಮ ದೊಡ್ಡಪ್ಪನ ಪರಿಚಯವಿಲ್ಲ.

ಅಕ್ಕ ಅಲ್ಲಿ ನರ್ಸು. ಕಂಡವರ ಹೆರಿಗೆಯನ್ನೆಲ್ಲ ನೋಡಿಕೊಂಡವಳು, ತನ್ನ ಚೊಚ್ಚಲ ಹೆರಿಗೆಗೆ ಕೇಳಿದ್ದು ಒಂದೇ: ನೋವು ತಿನ್ನುವಾಗ ಅವ್ವ ಪಕ್ಕದಲ್ಲಿರಬೇಕು. ದಿನ ತುಂಬಲು ಇನ್ನೂ ವಾರವಿರುವಾಗಲೇ ತಲುಪಲಿ ಎಂದು, ಸೋಮವಾರ ಮಧ್ಯಾಹ್ನ ಎರಡರ ವಿಮಾನಕ್ಕೆ ಅವ್ವನ ಟಿಕೆಟ್ ಮಾಡಿದೆ. ಹುಣಸೂರಿನ ಪಕ್ಕದ ನಮ್ಮ ಹಳ್ಳಿಯಿಂದ ವಿಮಾನ ನಿಲ್ದಾಣಕ್ಕೆ ಕಾರಿನಲ್ಲಿ ಐದು ಗಂಟೆ. ಬೆಳಿಗ್ಗೆ ಆರಕ್ಕೆ ಬಿಟ್ಟರೆ ಧಾರಾಳವಾಗಿತ್ತು.

ದೊಡ್ಡಪ್ಪ ಪಂಚಾಂಗ ತೆಗೆದರು. ಸೋಮವಾರ ಪೂರ್ವಕ್ಕೆ ಶೂಲ, ಆ ದಿಕ್ಕಿಗೆ ಹೊರಡುವಂತಿಲ್ಲ. ಲಂಡನ್ ಇರುವುದು ಪಶ್ಚಿಮಕ್ಕೆ ಎಂದೆ. ಕಾರು ಮೊದಲು ಹೋಗುವುದು ಬೆಂಗಳೂರಿಗೆ, ಅದು ಪೂರ್ವಕ್ಕೆ ಎಂದರು. ಹಾಗಾದರೆ ಭಾನುವಾರವೇ ಹೊರಡೋಣ ಎಂದೆ. ಭಾನುವಾರ ಪಶ್ಚಿಮಕ್ಕೆ ಶೂಲ, ಲಂಡನ್ ಪಶ್ಚಿಮಕ್ಕೆ ಅಂದವನು ನೀನೇ ಅಲ್ಲವೇ ಎಂದರು. ಇಂಥವರನ್ನು ಕೇಳದೆ ವೇಳಾಪಟ್ಟಿ ಮಾಡಿದ್ದು ವಿಮಾನದವರದೇ ತಪ್ಪು.

ಪರಿಹಾರವೂ ಅವರ ಬಳಿಯೇ ಇತ್ತು. ಒಳ್ಳೆಯ ಗಳಿಗೆಯಲ್ಲಿ ಪ್ರಯಾಣದ ಗಂಟನ್ನು ಬೇರೆಯವರ ಮನೆಯಲ್ಲಿಟ್ಟರೆ ಹೊರಟಂತೆಯೇ ಲೆಕ್ಕ; ಅದಕ್ಕೆ ಪ್ರಸ್ಥಾನ ಎನ್ನುತ್ತಾರೆ. ಭಾನುವಾರ ಅವ್ವನ ಕೈಚೀಲ ಪೂರ್ವಕ್ಕಿರುವ ಪಕ್ಕದ ಮನೆ ಅತ್ತೆಯ ನಡುಮನೆ ಸೇರಿತು. ಬರೀ ಸೀರೆ ಇಟ್ಟರೆ ಸೀರೆ ಮಾತ್ರ ಹೊರಟಂತೆ ಎಂದು ದೊಡ್ಡಪ್ಪ ಹೇಳಿದ್ದಕ್ಕೆ ಅವ್ವ ಪಾಸ್‌ಪೋರ್ಟನ್ನೂ ಅದರೊಳಗೆ ಹಾಕಿದ್ದಳು. ನನಗೆ ಹೇಳಿರಲಿಲ್ಲ.

ಸೋಮವಾರ ಆರಕ್ಕೆ ಹೋದರೆ ಅತ್ತೆಯ ಮನೆಗೆ ಬೀಗ. ಮೊದಲ ಬಸ್ಸಿಗೇ ಕೆ.ಆರ್. ನಗರದ ಮಗಳ ಮನೆಗೆ ಹೊರಟರಂತೆ. ಫೋನ್ ಮಾಡಿದರೆ ಅದು ಬೀಗ ಹಾಕಿದ ಮನೆಯೊಳಗೇ ಬಡಿದುಕೊಂಡಿತು. ಬೀಗ ಒಡೆಯುತ್ತೇನೆಂದರೆ ಹೊರಡುವ ದಿನ ಅಪಶಕುನವೆಂದು ಅವ್ವ ಅಡ್ಡ ನಿಂತಳು. ಬಸ್ಸಿನ ಹಿಂದೆ ಕಾರು ಓಡಿಸಿಕೊಂಡು ಹೋದೆ. ಅತ್ತೆ ಬೆಂಗಳೂರು ದಾರಿಯಲ್ಲೇ ಅರ್ಧ ಗಂಟೆ ದೂರದ ಬಿಳಿಕೆರೆಯಲ್ಲಿ ಮುಂದಿನ ಬಸ್ಸಿಗೆ ಕಾಯುತ್ತ ಎಲೆಅಡಿಕೆ ಹಾಕುತ್ತಿದ್ದರು.

"ಪ್ರಸ್ತಾನದ್ ಗಂಟು ಅಲ್ವಾ, ಮೂರ್ ದಿನ ಇರ್ತದೆ ಅನ್ಕಂಡಿದ್ದೆ ಕಣಪ್ಪ," ಎಂದು ಬೀಗದಕೈ ಕೊಟ್ಟರು.

ವಾಪಸ್ ಬಂದು ಚೀಲ ತೆಗೆದಾಗ ಏಳೂವರೆ ದಾಟಿತ್ತು. ಜೋರಾಗಿ ಓಡಿಸಿದ್ದರೆ ವಿಮಾನ ಸಿಗುತ್ತಿತ್ತು. ದೊಡ್ಡಪ್ಪ ಹೊಸಿಲಲ್ಲಿ ಕೈ ಅಡ್ಡ ಇಟ್ಟರು. ಶೂಲಕ್ಕೆ ಪರಿಹಾರವಿದೆ, ರಾಹುಕಾಲಕ್ಕಿಲ್ಲ, ಒಂಬತ್ತರವರೆಗೆ ಯಾರೂ ಕದಲುವಂತಿಲ್ಲ. ಅವ್ವ ಹೊಸ ಸ್ವೆಟರ್ ಹಾಕಿಕೊಂಡೇ ಜಗುಲಿಯ ಮೇಲೆ ಕೂತಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಅವರ ಕೈ ಸರಿಸಲಿಲ್ಲ. ಅದಕ್ಕೆ ಇವತ್ತಿಗೂ ನನ್ನನ್ನೇ ಬೈದುಕೊಳ್ಳುತ್ತೇನೆ.

ವಿಮಾನವೇನಾದರೂ ತಡವಾದೀತೆಂಬ ಆಸೆಯಿಂದ ಒಂಬತ್ತಕ್ಕೆ ಹೊರಟೆವು. ದಾರಿಯಲ್ಲಿ ಅಕ್ಕನ ಫೋನು ಬಂತು. ನೋವು ಶುರುವಾಗಿತ್ತು. ಅಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ.

"ಅವ್ವ ಎಲ್ಲಿಗಂಟ ಬಂದದ್ಲಾ?" ಎಂದಳು.

"ಬಿಳಿಕೆರೆ," ಎಂದೆ.

ಅವಳು ಅಳುವುದು ಕೇಳಿಸಿತು.

ವಿಮಾನ ಅವ್ವನನ್ನು ಬಿಟ್ಟು ಹೊತ್ತಿಗೆ ಸರಿಯಾಗಿ ಹಾರಿತು, ಅಲ್ಲಿಯ ಸಂಜೆ ಏಳಕ್ಕೆ ಸರಿಯಾಗಿ ಇಳಿಯಿತು. ಮಗು ಹುಟ್ಟಿದ್ದು ಅಲ್ಲಿಯ ರಾತ್ರಿ ಹನ್ನೊಂದಕ್ಕೆ. ಮಾರನೆಯ ದಿನ ದೊಡ್ಡಪ್ಪ ಪಂಚಾಂಗ ಹಿಡಿದು ಬಂದು, ಜಾತಕ ಬರೆಸಬೇಕು, ಹುಟ್ಟಿದ ಗಳಿಗೆ ಹೇಳು ಎಂದು ಅವ್ವನನ್ನು ಕೇಳಿದರು.

"ನಾನ್ ಅಲ್ಲಿರ್ನಿಲ್ಲ," ಎಂದು ಅವ್ವ ಒಳಗೆ ಹೋದಳು.