ತಂಗಿಯ ಮಾತಿಗೆ ಅಸ್ತರ

ಬೇರೆಯವರು ಮಾತಿನ ನಡುವೆ ಒಂದು ಗಳಿಗೆ ತಡವರಿಸಿದರೆ ಸಾಕು, ನನ್ನ ನಾಲಗೆ ತುರಿಸತೊಡಗುತ್ತದೆ. ಅಂಗಿಯ ತೋಳು ಎಷ್ಟುದ್ದ ಇರಲಿ ಎಂದು ಗಿರಾಕಿ ಯೋಚಿಸುವಷ್ಟರಲ್ಲಿ ಅವನ ಪರವಾಗಿ ನಾನೇ ಹೇಳಿಬಿಟ್ಟಿರುತ್ತೇನೆ. ದರ್ಜಿಯ ಅಂಗಡಿಯಲ್ಲಿ ಇದು ನಡೆದೀತು. ಹೆಚ್ಚೆಂದರೆ ತೋಳು ಗಿಡ್ಡವಾದೀತು. ಪ್ರಾರ್ಥನಾಕೂಟದಲ್ಲಿ ಏನಾಗುತ್ತದೆಂಬುದನ್ನು ನಿಮ್ಮ ಮುಂದೆ ಹೇಳಿ ಹಗುರಾಗಬೇಕೆಂದಿದ್ದೇನೆ.

ಮಹಾರಾಷ್ಟ್ರದ ಗಡಿಯೂರು ಜತ್ತದ ನಮ್ಮ ಸಣ್ಣ ಚರ್ಚಿನಲ್ಲಿ ಪಾದ್ರಿಗಳು ಮರಾಠಿಯಲ್ಲಿ ಹೇಳಿದ್ದನ್ನು ಹಳ್ಳಿಯ ಮುದುಕಿಯರಿಗಾಗಿ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳುವವನು ನಾನು. ಏಳನೆಯ ಇಯತ್ತೆಗೆ ಸಾಲಿ ಬಿಟ್ಟವನಿಗೆ ಅದಕ್ಕಿಂತ ದೊಡ್ಡ ಪದವಿ ಯಾವುದಿದೆ? ಹೀಗಾಗಿ ಕಾಲೇಜು ಓದುವ ನನ್ನ ತಂಗಿ ಶಾಂತಾ ಕ್ರೈಸ್ತ ವಿದ್ಯಾರ್ಥಿಗಳನ್ನು ಕೂಡಿಸಿ, ಶನಿವಾರ ಮಧ್ಯಾಹ್ನ ನನ್ನ ಅಂಗಡಿಯಲ್ಲೇ ಪ್ರಾರ್ಥನೆ ಶುರು ಮಾಡಿದಾಗ, ಯಾರೂ ಕರೆಯದಿದ್ದರೂ ಆಕೆಯ ಪಕ್ಕದಲ್ಲಿ ಹೋಗಿ ನಿಂತೆ. ವಿದ್ಯಾರ್ಥಿಗಳೇ ಮುಂದೆ ನಿಂತು ನಡೆಸಬೇಕು, ದೊಡ್ಡವರು ನಡುವೆ ಬರಬಾರದು ಎಂಬುದು ಅವರ ಕರಾರು. ಅನುವಾದಕನೆಂದರೆ ನಡುವೆ ಬಂದಂತಲ್ಲವಲ್ಲ! ಅಲ್ಲಿಗೆ ಬರುವವರೆಲ್ಲರಿಗೂ ಎರಡೂ ಭಾಷೆ ಚೆನ್ನಾಗಿ ಬರುತ್ತದೆಂಬುದು ನನಗೂ ಗೊತ್ತಿತ್ತು. ಸಂಕೋಚಕ್ಕೆ ಅವರು ಸುಮ್ಮನಿದ್ದರು. ನಾನು ನಿಂತೇ ಇದ್ದೆ. ತಂಗಿಯ ಒಂದು ವಾಕ್ಯ ನನ್ನ ಬಾಯಲ್ಲಿ ನಾಲ್ಕಾಗುತ್ತಿತ್ತು.

ಸೊರಡಿ ಹಳ್ಳಿಯ ಸವಿತಾ ಎಂಬ ಹುಡುಗಿ ಹೊಸದಾಗಿ ಬರುತ್ತಿದ್ದಳು. ಆಕೆಯ ತಾಯಿ ಬಹಳ ದಿನಗಳಿಂದ ಹಾಸಿಗೆ ಹಿಡಿದಿದ್ದರು. ಹುಡುಗಿ ಬಾಯಿಬಿಟ್ಟು ಒಂದು ಮಾತೂ ಆಡಿರಲಿಲ್ಲ. ಬಹುಶಃ ಆಕೆಗೆಂದೇ ತಂಗಿ ಒಂದು ಶನಿವಾರ ಮರಾಠಿಯಲ್ಲಿ ನಿಧಾನವಾಗಿ ಹೇಳಿದಳು, ತನ್ನ ಪ್ರಾರ್ಥನೆ ದೇವರಿಗೆ ಮುಟ್ಟುತ್ತದೋ ಇಲ್ಲವೋ ಎಂದು ತನಗೂ ಒಮ್ಮೊಮ್ಮೆ ಅನುಮಾನ ಬರುತ್ತದೆ ಎಂದು. ನನಗೆ ಗಾಬರಿಯಾಯಿತು. ಮುಂದೆ ನಿಂತವಳು ಹೀಗೆ ಅನ್ನಬಹುದೇ?

“ನಮ್ಮ ಪ್ರಾರ್ಥನಿ ದೇವರಿಗೆ ಮುಟ್ಟೇ ಮುಟ್ಟತೈತಿ. ಅನುಮಾನ ಪಡಾವ್ರು ವಿಶ್ವಾಸಿಗಳೇ ಅಲ್ಲ” ಎಂದು ಗಟ್ಟಿಯಾಗಿ ಅನುವಾದಿಸಿದೆ.

ಏನೋ ಹೇಳಲೆಂದು ತಲೆ ಎತ್ತಿದ್ದ ಸವಿತಾ ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು. ಮುಂದಿನ ವಾರ ಬರಲಿಲ್ಲ.

“ಕೋಟಿಗೆ ಒಳಬಟ್ಟಿ ಹಚ್ಚಿದಂಗ ನನ್ನ ಮಾತಿಗ್ಯಾಕ ಅಸ್ತರ ಹಚ್ಚತಿ ಅಣ್ಣಾ?” ತಂಗಿ ಕೇಳಿದಳು. “ನಾ ಅಳತಿ ಕೊಟ್ಟಿದ್ನೇನು?”

“ನಿನ್ನ ಮಾನ ಉಳಸಾಕ ಅಂದ್ನಿ.”

“ನನ್ನ ಮಾನ ಉಳೀತು, ಆ ಹುಡುಗಿ ಹೋತು. ಇನ್ನ ನನ್ನ ಬಾಜೂಕ ನಿಂದ್ರಬ್ಯಾಡ. ನಿಂದ್ರಾವ ಇದ್ರ ನಾವು ಕಾಲೇಜ ಮೈದಾನದಾಗ ಕೂಡತೀವಿ.”

ಉಳಿಸಿಕೊಳ್ಳಲು ಹೊರಟಿದ್ದ ಮಾನ ತಂಗಿಯದಲ್ಲ, ನನ್ನದು. ಕಾಲೇಜು ಕಲಿಯುವವರು ನನ್ನ ಮಾತನ್ನು ಕುಳಿತು ಕೇಳುತ್ತಾರೆಂಬ ರುಚಿ ಹತ್ತಿತ್ತು. ತಂಗಿಯನ್ನು ಮುಂದೆ ನಿಲ್ಲಿಸಿದ್ದೇನೆಂದು ಊರಿಗೆಲ್ಲ ಹೇಳಿಕೊಂಡು, ಆಕೆಯ ಬಾಯನ್ನು ಮಾತ್ರ ನನ್ನ ಬಳಿಯೇ ಇಟ್ಟುಕೊಂಡಿದ್ದೆ.

ತಂಗಿ ಸೊರಡಿಗೆ ಹೋಗಿ, ಏನು ಹೇಳಿದಳೋ, ಸವಿತಾಳನ್ನು ಕರೆತಂದಳು. ಆ ಶನಿವಾರ ನಾನು ಎಲ್ಲರ ಹಿಂದೆ, ಹೊಲಿಗೆ ಮಷಿನ್ನಿನ ಮುಂದೆ ಕುಳಿತೆ. ಪ್ರಾರ್ಥನೆ ನಡೆಸುತ್ತಿದ್ದ ಬಿಳೂರಿನ ಹುಡುಗ ಮಾತು ಸಿಗದೆ ನಡುವೆ ನಿಂತುಬಿಟ್ಟ. ನಾಲಗೆಯನ್ನು ಹೇಗೋ ಹಿಡಿದೆ. ಕಾಲು ಕೇಳಲಿಲ್ಲ, ಪೆಡಲು ತುಳಿಯಿತು. ಮಷಿನ್ನು ಗಡಗಡ ಎಂದಿತು.

“ಅಣ್ಣಾರು ಈಗ ಕಾಲಿಂದ ಅನುವಾದ ಮಾಡಾಕತ್ತಾರ್ರಿ!” ಎಂದು ಆ ಹುಡುಗನೇ ಅಂದ. ಸವಿತಾಳೂ ನಕ್ಕಳು.

ನಗು ಇಳಿದ ಮೇಲೆ ಎದ್ದು ನಿಂತೆ. ತಂಗಿ ಹುಬ್ಬು ಗಂಟಿಕ್ಕಿದಳು.

“ಒಂದ ಮಾತು ಹೇಳಿ ಕೂಡತೀನಿ. ಸವಿತಾ, ಅವತ್ತ ಶಾಂತಾ ಅಂದಿದ್ದು ಬ್ಯಾರೆ. ತನ್ನ ಪ್ರಾರ್ಥನಿ ಮುಟ್ಟತೈತೋ ಇಲ್ಲೋ ಅಂತ ಆಕಿಗೂ ಅನುಮಾನ ಬರತೈತಂತ. ನನಗೂ ಬರತೈತವಾ.”

“ಅಕ್ಕಾ ಅಂದಿದ್ದು ನನಗ ಅವತ್ತ ತಿಳದಿತ್ರಿ ಅಣ್ಣಾರ,” ಅಂದಳು ಸವಿತಾ. “ನಿಮ್ದು ಗೊತ್ತಿರಲಿಲ್ಲ.”

ನಾನು ಕುಳಿತೆ. ಆಕೆ ತಾಯಿಯ ವಿಷಯ ಹೇಳತೊಡಗಿದಳು. ನಡುನಡುವೆ ಬಹಳ ಹೊತ್ತು ತಡವರಿಸಿದಳು. ಆ ಖಾಲಿ ಜಾಗವನ್ನು ನಮ್ಮಲ್ಲಿ ಯಾರೂ ತುಂಬಲು ಹೋಗಲಿಲ್ಲ.