ಶಾಲೆಗೆ ಫಸ್ಟ್ ಬಂದ ಮೇಲೆ

ನಿವೃತ್ತಿಗೆ ಎರಡು ವರ್ಷ ಮೊದಲು ನಾನು ಶಿಗ್ಗಾವಿ ತಾಲೂಕಿನ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದೆ. ಆ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೆ ಮೊದಲು ಬಂದವಳು ಅಕ್ಷತಾ, ಗೋವಿನಜೋಳ ಬೆಳೆಯುವ ಫಕ್ಕೀರಪ್ಪನವರ ಮಗಳು. ಊರವರಿಗೆ ಹಿಗ್ಗೋ ಹಿಗ್ಗು. ಬಸ್ ಸ್ಟ್ಯಾಂಡಿನಲ್ಲಿ ಅವಳ ದೊಡ್ಡ ಫೋಟೋ ಹಾಕಿ ಫ್ಲೆಕ್ಸ್ ಕಟ್ಟಿಸಿದರು. ಹೆಣ್ಣುಮಗಳ ಫ್ಲೆಕ್ಸ್ ಆ ಊರಿನಲ್ಲಿ ಅದೇ ಮೊದಲು. ನಾನೂ ಅದರ ಕೆಳಗೆ ನಿಂತು ಪೇಢೆ ತಿಂದೆ.

ವಾರದೊಳಗೆ ಸವಣೂರಿನಿಂದ, ಮಗನಿಗೆ ಹೆಣ್ಣು ಕೇಳುವವರ ಕಾರೊಂದು ಫಕ್ಕೀರಪ್ಪನವರ ಮನೆಗೆ ಬಂತು. ಬೀಗರ ಮನೆಗೆ ಹೋಗುವಾಗ ದಾರಿಯಲ್ಲಿ ಫ್ಲೆಕ್ಸ್ ನೋಡಿದ್ದರಂತೆ. ಹೊಲ-ಮನೆ ಇರುವ ಅನುಕೂಲಸ್ಥರು. "ಹುಡುಗಿ ಶಾಣ್ಯಾ ಅದಾಳ, ನಮ್ಮ ಮನಿಗೆ ಬರ್ಲಿ" ಎಂದರಂತೆ. ಹದಿನೆಂಟು ತುಂಬದೆ ಮದುವೆ ಮಾಡುವಂತಿಲ್ಲ ಎಂಬುದು ಅವರಿಗೂ ಗೊತ್ತು. ಈಗ ಮಾತು ಮುಗಿಸಿ ಇಡೋಣ, ಹುಡುಗಿ ಓದಲಿ, ಆದರೆ ಸೈನ್ಸ್ ಬೇಡ, ಹಾಸ್ಟೆಲ್ ಅಂತೂ ಬೇಡವೇ ಬೇಡ, ನಮ್ಮ ಸವಣೂರಿನಲ್ಲೇ ಆರ್ಟ್ಸ್ ಮಾಡಲಿ ಎಂದು ಹೇಳಿ ಹೋದರು. ಬೈದು ಕಳಿಸೋಣವೆಂದರೆ ಒಬ್ಬರೂ ಕೆಟ್ಟವರಲ್ಲ, ಅದೇ ಫಜೀತಿ.

ಅಕ್ಷತಾಗೆ ಹಾನಗಲ್ಲಿನಲ್ಲಿ ಸೈನ್ಸ್ ಸೀಟು, ಹಾಸ್ಟೆಲ್ ಎರಡೂ ಸಿಕ್ಕಿದ್ದವು. ಸೇರಲು ಮರುದಿನವೇ ಕೊನೆ ಎನ್ನುವಾಗ ಫಕ್ಕೀರಪ್ಪನವರು ಆಫೀಸಿಗೆ ಬಂದರು. ಟಿಸಿ, ಅಂದರೆ ವರ್ಗಾವಣೆ ಪತ್ರ, ಇಲ್ಲದೆ ಯಾವ ಕಾಲೇಜೂ ಸೇರಿಸಿಕೊಳ್ಳುವುದಿಲ್ಲ.

"ಟಿಸಿ ನನ್ನ ಕೈಯಾಗ ಕೊಡ್ರಿ ಅಕ್ಕೋರ. ಸವಣೂರಾಗ ಆರ್ಟ್ಸಿಗೆ ಹಚ್ಚಾಕ ಹೊಂಟೇನಿ."

ತಂದೆ ಕೇಳಿದರೆ ಕೊಡದೆ ಇಟ್ಟುಕೊಳ್ಳುವ ಅಧಿಕಾರ ನನಗಿಲ್ಲ. "ಹುಡುಗಿ ಸಹಿ ಬೇಕ್ರಿ, ಕರ್ಕೊಂಡು ಬರ್ರಿ" ಎಂದುಬಿಟ್ಟೆ. ಅಂಥ ನಿಯಮ ಯಾವ ಸುತ್ತೋಲೆಯಲ್ಲಿಯೂ ಇಲ್ಲ! ಅವರು ಹೋದ ಮೇಲೆ ಕೂತಲ್ಲಿ ಕೂಡಲಾಗಲಿಲ್ಲ. ಸಿಟ್ಟಿಗೆದ್ದು ಕರೆತರದೇ ಇದ್ದರೆ? ಬಂದವಳು ಅಪ್ಪನ ಮುಂದೆ ಬಾಯಿಯೇ ಬಿಡದಿದ್ದರೆ? ಪಾಪ, ಜವಾನನ ಮೇಲೆ ಸುಮ್ಮಸುಮ್ಮನೆ ರೇಗಿದೆ.

ಮಧ್ಯಾಹ್ನ ಇಬ್ಬರೂ ಬಂದರು. ಹುಡುಗಿಯ ಕಣ್ಣು ಊದಿಕೊಂಡಿದ್ದವು.

"ಎಲ್ಲಿ ಓದ್ತೀಯವಾ?" ಎಂದೆ.

ಅವಳು ತಂದೆಯ ಕಡೆ ತಿರುಗಿ, "ಅಪ್ಪಾ, ನಾ ಫೇಲಾಗಿದ್ರ ಅವ್ರು ಬರ್ತಿದ್ದಿಲ್ಲ, ಹೌದಿಲ್ಲ?" ಎಂದಳು.

ಫಕ್ಕೀರಪ್ಪನವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಹ್ಞೂಂ ಅಂದು ಕಳಿಸೇನಲ್ಲವಾ. ಈಗ ಅವರಿಗೆ ಏನಂತ ಹೇಳ್ಲಿ?" ಎಂದರು.

"ನನ್ನ ಮಗಳು ಇನ್ನೂ ಸಣ್ಣಾಕಿ ಅಂತ ಹೇಳಪ್ಪಾ."

ಅವರು ಫೋನ್ ಹಿಡಿದು ಪಡಸಾಲೆಗೆ ಹೋದರು. ಕಿಟಕಿಯಿಂದ ಮಾತು ಕೇಳುತ್ತಿತ್ತು. ಮೊದಲು ಕ್ಷೇಮಸಮಾಚಾರ, ಆಮೇಲೆ ಮಳೆ, ಬಿತ್ತನೆ. ವಿಷಯಕ್ಕೇ ಬರಲೊಲ್ಲರು! ನನಗೋ ಜೀವ ಹೋಗಿ ಬಂತು. ಕೊನೆಗೆ, "ಇಲ್ರಿ ಯಜಮಾನ್ರ, ನನ್ನ ಮಗಳು ಇನ್ನೂ ಸಣ್ಣಾಕಿ" ಎಂಬುದು ಕೇಳಿಸಿತು. ಆ ಕಡೆಯವರು ಬಹಳ ಹೊತ್ತು ಮಾತಾಡಿದರು. ಇವರು ಅದನ್ನೇ ಮತ್ತೊಮ್ಮೆ ಹೇಳಿದರು, ಮತ್ತೂ ಒಮ್ಮೆ ಹೇಳಿದರು. ಅಕ್ಷತಾ ನನ್ನ ಮೇಜಿನ ಅಂಚು ಹಿಡಿದು ನಿಂತೇ ಇದ್ದಳು.

ನಾನು ಟಿಸಿ ಬರೆದುಕೊಟ್ಟೆ. ಮರುದಿನ ಅವಳು ಹಾನಗಲ್ಲಿನಲ್ಲಿ ಸೇರಿದಳೆಂದು ಫೋನ್ ಬರುವವರೆಗೆ ಆಫೀಸಿನ ಕುರ್ಚಿ ಬಿಟ್ಟು ಏಳಲಿಲ್ಲ. ಪಾಸು ಮಾಡಿಸಿದರೆ ಕೆಲಸ ಮುಗಿಯಿತೆಂದು ಇಡೀ ಸರ್ವಿಸ್ ತಿಳಿದುಕೊಂಡಿದ್ದೆ. ಹೆಣ್ಣುಮಕ್ಕಳ ವಿಷಯದಲ್ಲಿ ಆ ಕೆಲಸ ಫಲಿತಾಂಶದ ದಿನ ಶುರುವಾಗುತ್ತದೆ.