ಅಣ್ಣನ ಸೋಮವಾರ ನಸುಕು

ಕಮಲಾಪುರದ ನನ್ನ ಅಣ್ಣನಿಗೆ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದರೊಳಗೆ ಆಗಾಗ ರಕ್ತ ಜಿನುಗುತ್ತಿತ್ತು. ಆಪರೇಶನ್ ಮಾಡಿದರೂ ಭರವಸೆ ಕೊಡಲಾರೆ ಎಂದು ಕಲಬುರಗಿಯ ಡಾಕ್ಟರ್ ಹೇಳಿದ್ದರು. ಅಷ್ಟರಲ್ಲಿ ಯಾರೋ ಹೊಸ ಧೂಮಕೇತು ಕಂಡುಹಿಡಿದ ಸುದ್ದಿ ಬಂತು. ಬಾಲ ಬಿಟ್ಟ ಮೇಲೆ ಅದನ್ನೊಮ್ಮೆ ಬರಿಗಣ್ಣಿನಿಂದ ನೋಡಬೇಕು, ಆಮೇಲೆ ಕಣ್ಣು ಏನಾದರೂ ಆಗಲಿ ಎಂದು ಅಣ್ಣ ಹಟ ಹಿಡಿದ.

ಹುಚ್ಚು ಇಬ್ಬರದೂ. ನಾನು ಕಾಲೇಜಿನಲ್ಲಿ ಗಣಿತ ಕಲಿಸುವವಳು. ಇಂಟರ್‌ನೆಟ್ಟಿನ ಸಿದ್ಧ ಉತ್ತರ ನೋಡಬಾರದು, ನಮ್ಮ ಕಣ್ಣು, ನಮ್ಮ ಲೆಕ್ಕ ಎಂದು ಆಣೆ ಹಾಕಿಕೊಂಡೆವು. ಪೇಪರಿನಲ್ಲಿ ಆ ಸುದ್ದಿ ಬಂದರೆ ಮಡಚಿ ಇಡುತ್ತಿದ್ದೆ. ಮೂರು ಬೇರೆ ದಿನ ಅದು ಆಕಾಶದಲ್ಲಿ ಎಲ್ಲಿತ್ತೆಂದು ತಿಳಿದರೆ ಅದರ ಹಾದಿ ಲೆಕ್ಕಕ್ಕೆ ಸಿಗುತ್ತದೆ. ಕಲಬುರಗಿಯ ಕುಸನೂರಿನ ನಮ್ಮ ಮನೆಯ ಮಾಳಿಗೆಗೆ ಬೀದಿದೀಪಗಳ ಕಾಟ. ಹಾಗಾಗಿ ಕಣ್ಣು ತಿಳಿಯಾಗಿದ್ದ ಎರಡು ನಸುಕು ಅಣ್ಣನೇ ತನ್ನ ಬಾಳೆತೋಟದಲ್ಲಿ ದುರ್ಬೀನು ಹೂಡಿ, ನೋಡಿದ್ದನ್ನು ವಹಿಯಲ್ಲಿ ಬರೆದ. ಮೂರನೆಯದಕ್ಕೆ ನಾನು ಹೋದೆ.

ಇಪ್ಪತ್ತು ದಿನದ ಮೇಲೆ, ಸಂಜೆ, ಪಡುವಣದಲ್ಲಿ ಚೆನ್ನಾಗಿ ಕಾಣುತ್ತದೆಂದು ನನ್ನ ಲೆಕ್ಕ ಹೇಳಿತು.

"ಆಪರೇಶನ್ ಮುಂದ ಹಾಕ್ಲೇನು, ತಂಗಿ?" ಎಂದು ಅಣ್ಣ ಕೇಳಿದ.

"ಬ್ಯಾಡ. ಕಣ್ಣಿಂದು ಮೊದಲ ಮುಗಿಸ್ಕೋ. ಅದೆಲ್ಲಿಗಿ ಓಡಿ ಹೋಗ್ತದ?" ಎಂದೆ.

ಆಪರೇಶನ್ ಆಯಿತು. ಕಣ್ಣೊಳಗಿನ ಪರದೆ ಕೂರಲೆಂದು ಹತ್ತು ದಿನ ಬೋರಲು ಮಲಗಿಸಿದರು. ಕಣ್ಣು ಬರಲಿಲ್ಲ.

ಲೆಕ್ಕ ಹೇಳಿದ ಸಂಜೆ ಒಬ್ಬಳೇ ಮಾಳಿಗೆ ಹತ್ತಿದೆ. ಪಡುವಣದಲ್ಲಿ ಏನೂ ಇರಲಿಲ್ಲ. ಇಳಿದು ಬಂದು ವಹಿ ತೆಗೆದೆ. ಅಣ್ಣನ ಮೊದಲ ಸಾಲಿನಲ್ಲಿ ತಾರೀಖು, ಅದರ ಮುಂದೆ 'ಸೋಮವಾರ ನಸುಕು' ಎಂದಿತ್ತು. ಆ ಸೋಮವಾರ ನಸುಕಿನಲ್ಲಿ ಅವನು ಕಣ್ಣಿನ ಪರೀಕ್ಷೆಗೆಂದು ಬಂದು ನಮ್ಮ ಮನೆಯಲ್ಲೇ ಗೊರಕೆ ಹೊಡೆಯುತ್ತಿದ್ದ! ಧೂಮಕೇತು ನೋಡಿದ್ದು ಮರುದಿನ, ಮಂಗಳವಾರ ನಸುಕಿನಲ್ಲಿ. ಹೊತ್ತು ಹುಟ್ಟುವ ತನಕ ಹಿಂದಿನ ದಿನವೇ ಎಂದು ನಮ್ಮ ಅವ್ವ ಎಣಿಸುತ್ತಿದ್ದಳು. ಅಣ್ಣನೂ ಹಾಗೇ ಬರೆದಿದ್ದ. ಅವನ ಎರಡು ತಾರೀಖೂ ಅವ್ವನ ಲೆಕ್ಕದವು, ನನ್ನದು ಕ್ಯಾಲೆಂಡರಿನದು; ನಡುವೆ ಇಲ್ಲದ ಒಂದು ದಿನ ಲೆಕ್ಕಕ್ಕೆ ಸೇರಿತ್ತು. ಅದೇ ಅವ್ವನ ಕೈಯಲ್ಲಿ ಬೆಳೆದ ನಾನು ಒಂದು ಮಾತು ಕೇಳಲಿಲ್ಲ. ದೀಪದ ಬುಡದಲ್ಲೇ ಕತ್ತಲೆ. ನನ್ನ ಗಣಿತಕ್ಕಿಷ್ಟು ಬೆಂಕಿ ಹಾಕ.

ತಿದ್ದಿ ಮತ್ತೆ ಲೆಕ್ಕ ಮಾಡಿದೆ. ಅಣ್ಣ ಬೋರಲು ಮಲಗಿದ್ದ ಆ ಹತ್ತು ದಿನವೇ ಅದು ಮೂಡಣದಲ್ಲಿ ಬಾಲ ಬಿಟ್ಟು ನಿಂತಿತ್ತು. ಈಗ ಸೂರ್ಯನನ್ನು ಬಿಟ್ಟು ದೂರ ಹೊರಟಿತ್ತು. ಅದರ ಹಾದಿ ಎಂದೂ ತಿರುಗಿ ಬರುವಂಥದ್ದಲ್ಲ.

ಕಮಲಾಪುರಕ್ಕೆ ಹೋಗಿ, ಲೆಕ್ಕ ತಪ್ಪಿತು, ಅದು ಬಂದು ಹೋಯಿತು ಎಂದಷ್ಟೇ ಹೇಳಿದೆ. ಅಣ್ಣ ನನ್ನ ದನಿ ಬಂದ ಕಡೆ ಮುಖ ತಿರುಗಿಸಿ ಕೇಳಿದ.

"ತಾರೀಖು ನಾ ಬರೋಬರ್ ಬರ್ದಿದ್ದೆ ಇಲ್ಲ?"

"ಬರೋಬರ್ ಬರ್ದಿದ್ದಿ, ಅಣ್ಣಾ. ತಪ್ಪು ನಂದು."

"ಇರ್ಲಿ ಬಿಡು. ಮುಂದಿನ ಸಲ ಬಂದಾಗ ನೀ ನೋಡಿ ನನಗ ಹೇಳು."

ಹೂಂ ಎಂದೆ.